ಸಾಲಿ ಕಟ್ಟುವವರು ಯಾರು, ಕಲ್ಲಿನ ಮೇಲೆ ಹೆಸರು ಯಾರದು?

(ಮಮದಾಪುರದಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ಊರ ಸಾಲಿ ಬಿದ್ದೈತಿ, ಎಲ್ಲಾರೂ ಕೂಡಿ ಕಟ್ಟೋಣು ಅನ್ನುವ ಮಾತು ಈಗ ನಮ್ಮ ಸೀಮೆಯಲ್ಲಿ ಹೊಸದಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಮೂರೂ ಏರಿ ಬಂದವು. ಗೋಕಾಕದ ಓಣಿಗಳಲ್ಲಿ ನೀರು ನಿಂತಿತು. ಮನೆಗಳ ಸಂಗಡ ಸಾಲಿಯ ಗೋಡೆಗಳೂ ನೆನೆದು ಕೂತವು. ನೀರು ಮುಟ್ಟದ ಊರುಗಳಲ್ಲೂ ಹಂಚು ಒಡೆದ, ತೊಲೆಗೆ ಗೆದ್ದಲು ಹತ್ತಿದ ಹಳೆಯ ಕನ್ನಡ ಸಾಲಿಗಳುಂಟು. ಅಲ್ಲಿ ಮಳೆ ಬಂತೆಂದರೆ ಮಾಸ್ತರರು ಮೂರು ಇಯತ್ತೆಯ ಹುಡುಗರನ್ನು ಒಂದೇ ಖೋಲಿಯಲ್ಲಿ ಕೂಡಿಸಿಕೊಂಡು ಕಾಯಬೇಕು.

ಕಟ್ಟೋಣ. ನಾವು ಬೇಡ ಅನ್ನುವವರಲ್ಲ. ಗುಡಿಯ ಶಿಖರಕ್ಕೆ, ಜಾತ್ರೆಯ ತೇರಿಗೆ ಪಟ್ಟಿ ಎತ್ತುವ ಊರು ಒಮ್ಮೆ ಸಾಲಿಗಾಗಿ ಪಟ್ಟಿ ಎತ್ತಿದರೆ ಸಂತೋಷದ ಸುದ್ದಿಯೇ. ಆದರೆ ಬುನಾದಿ ಅಗೆಯುವ ಮೊದಲೇ ಒಂದು ಮಾತು ಕೇಳಿಬಿಡಬೇಕು. ‘ಊರವರು’ ಅಂದರೆ ಯಾರು? ನಮ್ಮ ಮುತ್ತ್ಯಾಗಳ ಕಾಲದಲ್ಲಿ ಊರು ಬೇರೆ, ಕೇರಿ ಬೇರೆ. ಕೆಲಸಕ್ಕೆ ಕರೆಯುವಾಗ ನಾವು ಊರಿನವರು, ನೀರಿಗೆ ಹೋದಾಗ ಕೇರಿಯವರು.

ಈ ಲೆಕ್ಕ ಹಳೆಯದು. 1856ರ ಜೂನಿನಲ್ಲಿ, ಇಲ್ಲೇ ನಮ್ಮ ಧಾರವಾಡದಲ್ಲಿ, ಒಬ್ಬ ಮಹಾರ ಹುಡುಗ ಸರಕಾರಿ ಸಾಲಿಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಕೊಟ್ಟ. ಸರಕಾರದ ಹಣದಿಂದ ನಡೆಯುವ ಸಾಲಿ. ಮುಂಬಯಿ ಸರಕಾರ ಏನೆಂದಿತು ಗೊತ್ತೇನು? ಇವನೊಬ್ಬನನ್ನು ಒಳಗೆ ಕರೆದರೆ ಉಳಿದವರೆಲ್ಲ ಬಿಟ್ಟುಹೋಗುತ್ತಾರೆ, ಸಾಲಿ ಯಾರಿಗೂ ಉಪಯೋಗವಿಲ್ಲದಂತೆ ಆಗುತ್ತದೆ ಎಂದಿತು. ಹುಡುಗ ಹೊರಗೇ ಉಳಿದ. ಸಾಲಿ ಎಲ್ಲರಿಗೂ ತೆರೆದಿರಬೇಕು ಎಂದು ಕಂಪನಿಯ ಮೇಲಿನವರು ಆಮೇಲೆ ಕಾಗದದ ಮೇಲೆ ಬರೆದರು. ಕಾಗದ ಕಾಗದವಾಗಿ ಉಳಿಯಿತು.

ನಮ್ಮ ಮಗ್ಗುಲಿನ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮತ್ತು ಉಚಿತ ಮಾಡಿದರು. 1919ರಲ್ಲಿ ಅಸ್ಪೃಶ್ಯರ ಬೇರೆ ಸಾಲಿಗಳನ್ನೇ ಮುಚ್ಚಿ, ಎಲ್ಲ ಮಕ್ಕಳೂ ಒಂದೇ ಸಾಲಿಯಲ್ಲಿ ಕೂಡಬೇಕೆಂದು ಹುಕುಂ ಹೊರಡಿಸಿದರು. ಬೇರೆ ಸಾಲಿ ಮುಚ್ಚಿದ್ದು ನಮ್ಮ ಮಕ್ಕಳನ್ನು ಹೊರಗೆ ಹಾಕಲಿಕ್ಕಲ್ಲ, ಒಳಗೆ ತರಲಿಕ್ಕೆ. ಇವತ್ತು ಸಾಲಿ ಮುಚ್ಚುವ ಮಾತು ಬಂದಾಗಲೆಲ್ಲ ಈ ವ್ಯತ್ಯಾಸ ನೆನಪಿರಲಿ.

1923ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಬೋಳೆಯವರ ಠರಾವು ಪಾಸಾಯಿತು. ಸಾರ್ವಜನಿಕ ಕೆರೆ, ಬಾವಿ, ಸಾಲಿ, ದವಾಖಾನೆ ಎಲ್ಲವೂ ಅಸ್ಪೃಶ್ಯರಿಗೂ ತೆರೆದಿರಬೇಕು ಎಂದು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಇಲಾಖೆಯಲ್ಲೇ ಇತ್ತು. ಠರಾವಿನ ಬಲದ ಮೇಲೆ ಮಹಾಡದ ಕೆರೆಯ ನೀರು ಮುಟ್ಟಲು ಬಾಬಾಸಾಹೇಬರು 1927ರಲ್ಲಿ ಸಾವಿರಾರು ಜನರೊಂದಿಗೆ ನಡೆಯಬೇಕಾಯಿತು. ಓದುವ ಹುಡುಗನಿಗೆ ಮೊದಲು ಇರಲಿಕ್ಕೆ ಒಂದು ಸೂರು ಬೇಕು ಎಂದು ಅವರು 1929ರಲ್ಲಿ ಧಾರವಾಡದಲ್ಲಿ ವಸತಿಗೃಹ ತೆರೆದರು. ಹಾಸ್ಟೆಲಿನ ಅನ್ನ ಉಣ್ಣುವ ನಾವು, ಸಾರು ನೀರಾಗಿದೆ ಎಂದು ಬೈಯುವಾಗಲೂ (ಬೈಯಲೇಬೇಕು, ಅದು ನಮ್ಮ ಹಕ್ಕು) ಈ ಸಾಲನ್ನು ಮರೆಯಬಾರದು.

ಈಗ ಶ್ರಮದಾನದ ಮಾತು. ಬಹಳ ಚಂದದ ಶಬ್ದ. ಉಸುಕು ಹೊರುವವರು ಯಾರು? ಖಡಿ ಒಡೆಯುವವರು ಯಾರು? ಗೌಂಡಿಯ ಕೈಕೆಳಗೆ ಬುಟ್ಟಿ ಎತ್ತುವ ಅವ್ವಂದಿರು ಯಾರು? ದಾನ ಮಾಡದೆಯೂ ನಮ್ಮ ಮಂದಿ ಶತಮಾನಗಳಿಂದ ಬಿಟ್ಟಿ ದುಡಿದಿದ್ದಾರೆ. ಬಿಟ್ಟಿಗೆ ಶ್ರಮದಾನ ಎಂದು ಹೊಸ ಅಂಗಿ ತೊಡಿಸಿದರೆ ನಾವು ಒಪ್ಪುವುದಿಲ್ಲ. ಇಪ್ಪತ್ತು ಎಕರೆ ಕಬ್ಬು ಇದ್ದವನು ಕೊಡುವ ಐದು ಸಾವಿರ ರೂಪಾಯಿ ಅವನ ಊಟದಿಂದ ಒಂದು ತುತ್ತನ್ನೂ ಕಡಿಮೆ ಮಾಡುವುದಿಲ್ಲ. ಕೂಲಿಗೆ ಹೋಗುವ ಅವ್ವ ಒಂದು ದಿನ ಸಾಲಿಯ ಕೆಲಸಕ್ಕೆ ಬಂದರೆ ಆ ರಾತ್ರಿಯ ಒಲಿಯ ಲೆಕ್ಕವೇ ತಪ್ಪುತ್ತದೆ. ಅವನ ಹೆಸರು ಕಲ್ಲಿನ ಮೇಲೆ, ಅವಳ ಹೆಸರು ಎಲ್ಲಿ?

ಅದಕ್ಕೆ ನಾವು ಹೇಳುವುದು ಇಷ್ಟು: ಪಟ್ಟಿಯ ಪುಸ್ತಕದಲ್ಲಿ ರೊಕ್ಕ ಬರೆದಂತೆ ಕೂಲಿಯ ದಿನಗಳನ್ನೂ ಬರೆಯಿರಿ. ಬಂದವರ ಹೆಸರು, ಎಷ್ಟು ದಿನ, ಆ ದಿನದ ಕೂಲಿಯ ಬೆಲೆ ಎಷ್ಟು. ಕೂಡಿಸಿ ನೋಡಿರಿ. ದೊಡ್ಡ ದಾನಿಗಳು ಯಾರು ಅನ್ನುವುದು ಆಗ ತಿಳಿಯುತ್ತದೆ. ಕಲ್ಲು ಹಾಕುವುದಾದರೆ ಆ ಎಲ್ಲ ಹೆಸರುಗಳೂ ಬರಲಿ. ಇಲ್ಲದಿದ್ದರೆ ಯಾರದೂ ಬೇಡ.

ಇನ್ನೊಂದು. ಸಾಲಿ ಕಟ್ಟುವುದು ಸರಕಾರದ ಹೊಣೆ. ನಮ್ಮ ಪಟ್ಟಿ ನೋಡಿ ಸರಕಾರ ಕೈತೊಳೆದುಕೊಳ್ಳಬಾರದು. 2009ರಲ್ಲಿ ಪಾಸಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಹಕ್ಕು ಬರೆದಿಟ್ಟಿದೆ. ಒಬ್ಬ ಮಾಸ್ತರರಿಗೆ ಒಂದಾದರೂ ಖೋಲಿ, ಗಂಡು-ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡಿಗೆ ಮನೆ, ಆಟದ ಬಯಲು, ಪುಸ್ತಕಗಳು. ಇದನ್ನು ಕೇಳುವುದು ಭಿಕ್ಷೆಯಲ್ಲ. ಸಾಲಿ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆ-ತಾಯಂದಿರು, ಅರ್ಧದಷ್ಟು ಹೆಂಗಸರು ಇರಬೇಕು, ಹಿಂದುಳಿದ, ದುರ್ಬಲ ವರ್ಗದ ತಂದೆ-ತಾಯಂದಿರಿಗೆ ಅವರ ಪ್ರಮಾಣಕ್ಕೆ ತಕ್ಕ ಜಾಗ ಇರಬೇಕು ಎಂದು ಅದೇ ಕಾಯಿದೆ ಹೇಳುತ್ತದೆ. ಸಾಲಿಗೆ ಏನೇನು ಬೇಕೆಂಬ ಯೋಜನೆ ಬರೆಯುವ ಅಧಿಕಾರವೂ ಆ ಸಮಿತಿಯದೇ. ಕರ್ನಾಟಕದಲ್ಲಿ ಎಸ್.ಡಿ.ಎಂ.ಸಿ. 2001ರಿಂದಲೇ ಇದೆ. ಆದರೆ ನಮ್ಮ ಅವ್ವನ ಹೆಬ್ಬೆಟ್ಟು ಮಾತ್ರ ಸಭೆಗೆ ಹೋಗಿ, ಅವ್ವ ಮನೆಯಲ್ಲೇ ಉಳಿದರೆ ಏನು ಬಂತು? ಓದಿದ ಮಗಳು, ಮಗ ಸಂಗಡ ಹೋಗಿ ಕೂಡಬೇಕು. ನಡಾವಳಿ ಪುಸ್ತಕ ಗಟ್ಟಿಯಾಗಿ ಓದಿ ಅಂತ ಕೇಳಬೇಕು.

ಮತ್ತೆ ಆ ಧಾರವಾಡದ ಹುಡುಗನ ಕಡೆಗೆ ಬರುತ್ತೇವೆ. ಅವನು ಒಳಗೆ ಬಂದರೆ ಉಳಿದವರು ಬಿಟ್ಟುಹೋಗುತ್ತಾರೆ ಅಂದಿದ್ದರಲ್ಲ, ಈಗ ಉಳ್ಳವರ ಮಕ್ಕಳು ಯಾರೂ ಹೊರಹಾಕದೆಯೇ ಹಳದಿ ಗಾಡಿ ಹತ್ತಿ ಇಂಗ್ಲಿಷ್ ಸಾಲಿಗೆ ಹೋಗುತ್ತಾರೆ. ಕನ್ನಡ ಸಾಲಿಯಲ್ಲಿ ಉಳಿದವರು ಹೆಚ್ಚಾಗಿ ನಮ್ಮ ಮಕ್ಕಳು, ಕಬ್ಬಿನ ಗ್ಯಾಂಗಿನವರ ಮಕ್ಕಳು. ಹೀಗಿರುವಾಗ ಪಟ್ಟಿ ಎತ್ತುವ ಹಿರಿಯರನ್ನು ನಾವು ವಿನಯದಿಂದಲೇ ಕೇಳುತ್ತೇವೆ: ಕಾಕಾ, ಗೋಡೆ ಏಳತೈತಿ, ನಿಮ್ಮ ಮೊಮ್ಮಗ ಇಲ್ಲಿ ಬಂದು ಕೂಡ್ತಾನೇನ್ರಿ? ದಲಿತ ಅವ್ವ ಬೇಯಿಸಿದ ಮಧ್ಯಾಹ್ನದ ಅನ್ನ ಉಣ್ತಾನೇನ್ರಿ? ಹೌದು ಎಂದರೆ ನಮ್ಮ ಹೆಗಲು ಮೊದಲು. ಇಲ್ಲ ಎಂದರೂ ನಾವು ಕಟ್ಟುತ್ತೇವೆ, ಮಕ್ಕಳು ಮಳೆಯಲ್ಲಿ ಕೂಡಲಿಕ್ಕಾಗುವುದಿಲ್ಲ. ಆದರೆ ಆಗ ‘ಊರು ಕಟ್ಟಿದ ಸಾಲಿ’ ಎಂದು ಭಾಷಣ ಹೊಡೆಯುವುದು ಬೇಡ.

ನೀರಿನ ನಲ್ಲಿ ಎಲ್ಲಿ ಇಡುತ್ತೀರಿ ಎಂಬುದನ್ನೂ ಕೇಳಿ. ಸಣ್ಣ ಮಾತಲ್ಲ. ಸಾತಾರೆಯ ಸಾಲಿಯಲ್ಲಿ ಬಾಲಕ ಭೀಮರಾವ್ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಕೂಡುತ್ತಿದ್ದರು. ನಲ್ಲಿ ತಿರುಗಿಸಲು ಸಿಪಾಯಿ ಬರದಿದ್ದ ದಿನ ನೀರಿಲ್ಲ. ಹೊಸ ಸಾಲಿಯಲ್ಲಿ ನಲ್ಲಿ ನಡು ಅಂಗಳದಲ್ಲಿರಲಿ, ಯಾವ ಮಗುವಿನ ಕೈಗೂ ನಿಲುಕುವಂತಿರಲಿ. ಅಡಿಗೆ ಮನೆಯ ಬಾಗಿಲು ಎಲ್ಲರಿಗೂ ಕಾಣುವ ಕಡೆಗಿರಲಿ.

ಇನ್ನು ರಜೆ ಬರುತ್ತದೆ. ಹಾಸ್ಟೆಲಿನ ಗೆಳೆಯರು ನಿಮ್ಮ ನಿಮ್ಮ ಊರಿಗೆ ಹೋದಾಗ ಸಾಲಿಗೆ ಒಮ್ಮೆ ಹೋಗಿಬನ್ನಿ. ಖೋಲಿ ಎಷ್ಟು, ಮಾಸ್ತರರು ಎಷ್ಟು, ಸೋರುವುದು ಎಷ್ಟು, ಸಮಿತಿಯಲ್ಲಿ ಕೇರಿಯವರು ಎಷ್ಟು, ಅವರು ಕಳೆದ ಸಭೆಗೆ ನಿಜವಾಗಿ ಹೋಗಿದ್ದರೋ ಇಲ್ಲವೋ, ಅಡಿಗೆ ಯಾರು ಮಾಡುತ್ತಾರೆ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೋ ಎಂದು ಒಂದು ಹಾಳೆಯ ಮೇಲೆ ಬರೆದುಕೊಂಡು ಬನ್ನಿ. ರಜೆ ಮುಗಿದ ಮೇಲೆ ಎಲ್ಲ ಹಾಳೆಗಳನ್ನೂ ಕೂಡಿಸಿ, ಒಂದು ಅರ್ಜಿ ಮಾಡಿ, ಶಿಕ್ಷಣಾಧಿಕಾರಿಗಳ ಕಚೇರಿಗೆ ಎಲ್ಲರೂ ಸೇರಿ ಹೋಗೋಣ. ಅರ್ಜಿಯ ನಕಲು ಒಂದು ನಮ್ಮ ಕೈಯಲ್ಲಿರಲಿ, ಅದರ ಮೇಲೆ ಕಚೇರಿಯ ಸಿಕ್ಕಾ ಬೀಳುವ ತನಕ ಯಾರೂ ಬಾಗಿಲು ಬಿಟ್ಟು ಬರಬೇಡಿ.

ಜೈ ಭೀಮ್.