ಅಳಿದ ತೋಳ, ಉಳಿದ ತೋಳ

(ವಿದ್ಯಾರ್ಥಿಗಳ ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮಲೆನಾಡಿನಲ್ಲಿ ನಿಂತು ತೋಳದ ವಿಷಯ ಮಾತನಾಡುವುದು ವಿಚಿತ್ರವೆನಿಸಬಹುದು. ನಮ್ಮ ಕಾಡಿನಲ್ಲಿರುವುದು ಸೀಳುನಾಯಿ; ತೋಳವು ಬಯಲುಸೀಮೆಯ ಹುಲ್ಲುಗಾವಲು ಹಾಗೂ ಕುರುಚಲು ಕಾಡಿನ ಪ್ರಾಣಿ. ಆದರೆ 2025ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಕೊಲೊಸಲ್ ಬಯೋಸೈನ್ಸಸ್ ಸಂಸ್ಥೆಯು, ಹತ್ತು ಸಾವಿರ ವರ್ಷಗಳಿಗೂ ಹಿಂದೆ ಅಳಿದುಹೋದ ‘ಡೈರ್ ವುಲ್ಫ್’ ಎಂಬ ಪ್ರಾಣಿಯನ್ನು ಮರಳಿ ಹುಟ್ಟಿಸಿರುವುದಾಗಿ ಸಾರಿತು. ಅಂದಿನಿಂದ ವಿದ್ಯಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆ ಒಂದೇ: ಅಳಿದುದನ್ನು ಮತ್ತೆ ತಯಾರಿಸಬಹುದಾದರೆ, ಉಳಿದುದನ್ನು ಕಾಯುವ ಶ್ರಮವೇಕೆ?

ಉತ್ತರಕ್ಕೆ ಮೊದಲು ಎರಡೂ ಪ್ರಾಣಿಗಳ ಪರಿಚಯವಾಗಬೇಕು. ಡೈರ್ ವುಲ್ಫ್ ಅಮೆರಿಕ ಖಂಡಗಳಲ್ಲಿ ಬಾಳಿದ ಜೀವಿ. ಲಾಸ್ ಏಂಜಲೀಸ್ ನಗರದ ಲಾ ಬ್ರೆಯಾ ಡಾಂಬರು ಹೊಂಡಗಳಲ್ಲಿ ಸಿಕ್ಕಿಬಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಡೈರ್ ವುಲ್ಫ್‌ಗಳ ಮೂಳೆಗಳು ದೊರೆತಿವೆ. ಸುಮಾರು 60 ಕಿಲೋ ತೂಕದ ಮೈಕಟ್ಟು, ದೊಡ್ಡ ತಲೆಬುರುಡೆ, ಬಲವಾದ ಹಲ್ಲುಗಳು. ನಮ್ಮ ದೇಶದ ತೋಳವಾದರೋ ಸುಮಾರು 20 ಕಿಲೋ ತೂಗುವ ಸಪೂರ ದೇಹದ್ದು.

ಮೂಳೆಯ ಹೋಲಿಕೆಯಿಂದ ಇವೆರಡನ್ನೂ ಹತ್ತಿರದ ನೆಂಟರೆಂದು ಬಹುಕಾಲ ನಂಬಲಾಗಿತ್ತು. 2021ರಲ್ಲಿ ಪಳೆಯುಳಿಕೆಗಳ ಡಿ.ಎನ್.ಎ. ಪರೀಕ್ಷಿಸಿದ ವಿಜ್ಞಾನಿಗಳು ಬೇರೆಯೇ ಚಿತ್ರವನ್ನು ಕಂಡರು. ಇವುಗಳ ವಂಶಗಳು ಸುಮಾರು 57 ಲಕ್ಷ ವರ್ಷಗಳ ಹಿಂದೆಯೇ ಕವಲೊಡೆದಿದ್ದವು. ಸೊಂಡಿಲಿ ನೋಡಲು ಇಲಿಯಂತಿದ್ದರೂ ಇಲಿಯ ಕುಲದ್ದಲ್ಲವಷ್ಟೆ, ಇದೂ ಹಾಗೆಯೇ. ಆ ಲೆಕ್ಕದಲ್ಲಿ ನಮ್ಮ ಕಾಡಿನ ಸೀಳುನಾಯಿಯೇ ತೋಳಕ್ಕೆ ಡೈರ್ ವುಲ್ಫ್‌ಗಿಂತ ಹತ್ತಿರದ ಬಂಧು!

ಬಲಿಷ್ಠವಾದುದು ಅಳಿದು, ಸಪೂರವಾದುದು ಉಳಿದುದೇಕೆ? ಡೈರ್ ವುಲ್ಫ್ ಅಂದಿನ ಕುದುರೆ, ಕಾಡೆಮ್ಮೆಯಂಥ ದೊಡ್ಡ ಪ್ರಾಣಿಗಳ ಬೇಟೆಗೆ ಹೊಂದಿಕೊಂಡಿತ್ತು. ಹಿಮಯುಗದ ಕೊನೆಯಲ್ಲಿ ಅಲ್ಲಿನ ದೊಡ್ಡ ಪ್ರಾಣಿಗಳಲ್ಲಿ ಹೆಚ್ಚಿನವು ಕಣ್ಮರೆಯಾದವು. ಅವುಗಳೊಂದಿಗೆ ಅದೂ ಹೋಯಿತೆಂಬುದು ಬಹಳ ವಿಜ್ಞಾನಿಗಳ ಅಭಿಪ್ರಾಯ. ತೋಳವು ಜಿಂಕೆ, ಮೊಲ, ಇಲಿ, ಸತ್ತ ದನ, ಏನು ಸಿಕ್ಕಿದರೂ ತಿಂದು ಬದುಕುತ್ತದೆ.

ಇನ್ನು ಆ ಮರಿಗಳ ಸಂಗತಿ. ಅವುಗಳನ್ನು ಹುಟ್ಟಿಸಿದ್ದು ಇಂದಿನ ಬೂದು ತೋಳದ ಜೀವಕೋಶದಿಂದ, ಹೆತ್ತದ್ದು ಸಾಕುನಾಯಿಗಳು. 14 ವಂಶವಾಹಿಗಳಲ್ಲಿ 20 ತಿದ್ದುಪಡಿಗಳನ್ನು ಮಾಡಲಾಯಿತು. ಮೈಬಣ್ಣ, ಗಾತ್ರ ಬದಲಾದವು, ಕುಲ ಬದಲಾಗಲಿಲ್ಲ. ಐ.ಯು.ಸಿ.ಎನ್. ಸಂಸ್ಥೆಯ ತಜ್ಞರೂ ಇವು ಡೈರ್ ವುಲ್ಫ್‌ಗಳಲ್ಲವೆಂದೇ ಹೇಳಿದರು. ಒಂದು ವೇಳೆ ಅಪ್ಪಟ ಡೈರ್ ವುಲ್ಫೇ ಹುಟ್ಟಿತೆನ್ನಿ, ಅದು ಬೇಟೆಯಾಡಿದ ಬಯಲು, ಅದಕ್ಕೆ ಬೇಟೆ ಕಲಿಸಿದ ಹಿಂಡು ಎಲ್ಲಿಂದ ತರುವುದು?

ಈಗ ನಮ್ಮ ತೋಳಕ್ಕೆ ಬರೋಣ. ಭಾರತದ ತೋಳವು ಬದುಕಿರುವ ತೋಳಗಳಲ್ಲೇ ಅತಿ ಪ್ರಾಚೀನ ಕವಲುಗಳಲ್ಲೊಂದು. ಭಾರತ, ಪಾಕಿಸ್ತಾನ ಸೇರಿ ಮೂರು ಸಾವಿರದ ಆಸುಪಾಸು ಮಾತ್ರ ಉಳಿದಿವೆಯೆಂದು 2025ರ ಅಂದಾಜು. 1974ರಲ್ಲಿ ಘೋಷಿಸಿದ ಮೇಲುಕೋಟೆ ವನ್ಯಧಾಮವಿದೆ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲೂ ತೋಳಧಾಮವಾಗಿದೆ. ಆದರೆ ಬಹುಪಾಲು ತೋಳಗಳು ಬದುಕುವುದು ಧಾಮಗಳ ಹೊರಗೆ, ಕುರಿಗಾಹಿಗಳ ನಡುವೆ. ಬೇಟೆ ವಿರಳವಾದೆಡೆ ತೋಳ ಕುರಿಗೆ ಬಾಯಿ ಹಾಕುತ್ತದೆ. ಕುರಿ ಕಳೆದುಕೊಂಡವನಿಗೆ ಪರಿಹಾರ ಕೂಡಲೇ ಸಿಗದಿದ್ದರೆ ತೋಳದ ಮೇಲೆ ಅವನಿಗೆ ಕರುಣೆ ಬರಲೆಂದು ನಾವು ಹೇಗೆ ಬಯಸೋಣ?

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ಬಯಲುಸೀಮೆಯಲ್ಲಿ ಕೆಲಸ ಮಾಡುವಾಗ ಹುಲ್ಲುಬಯಲನ್ನು ನಾನು ವರದಿಗಳಲ್ಲಿ ‘ಬೀಳುಭೂಮಿ’ ಎಂದೇ ಬರೆದೆ. ಅಲ್ಲಿ ಸಸಿ ನೆಡಿಸಿ ಹೆಮ್ಮೆಪಟ್ಟೆ. ಮರವಿದ್ದರಷ್ಟೇ ಕಾಡೆಂಬ ಮಲೆನಾಡಿನ ಕಣ್ಣು ನನ್ನದು. ಆ ಬಯಲು ಕುರಿಗೆ ಮೇವು, ಕೃಷ್ಣಮೃಗಕ್ಕೆ ಮನೆ, ತೋಳಕ್ಕೆ ಬೇಟೆಯ ನೆಲವೆಂಬುದು ತಡವಾಗಿ ತಿಳಿಯಿತು. ದೊಡ್ಡ ಪ್ರಾಣಿಗಳು ಹೋದಾಗ ಡೈರ್ ವುಲ್ಫ್‌ಗೆ ಆದುದನ್ನೇ ನಾವು ಹುಲ್ಲುಬಯಲನ್ನು ಕಳೆದು ನಮ್ಮ ತೋಳಕ್ಕೆ ಮಾಡುತ್ತಿದ್ದೇವೆ.

ಆದ್ದರಿಂದ ಗಿಡ ನೆಡುವ ಉತ್ಸಾಹದಲ್ಲಿ ಹೊರಟಾಗ, ಈ ನೆಲ ಈಗಾಗಲೇ ಯಾರ ಮನೆಯಾಗಿದೆಯೆಂದು ಮೊದಲು ವಿಚಾರಿಸಿರಿ. ನಮ್ಮ ಗುಡ್ಡಗಳ ಹುಲ್ಲುಬೇಣಗಳಿಗೂ ಈ ಮಾತು ಸಲ್ಲುತ್ತದೆ.