ಮೈಸೂರಿಗೆ ಬಂದ ಸಂಜೆಯ ಹಾಡು

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಕಳೆದ ತಿಂಗಳು ಇದೇ ಕೊಠಡಿಯಲ್ಲಿ ನಾವು ಪಾಶ್ಚಾತ್ಯ ವಾದ್ಯವೃಂದದ ಒಂದು ಧ್ವನಿಮುದ್ರಿಕೆಯನ್ನು ಕೇಳಿಸಿದೆವು. ಬಂದವರು ಹನ್ನೊಂದು ಮಂದಿ, ಕೊನೆಯವರೆಗೆ ಕುಳಿತವರು ಏಳು. ಎದ್ದು ಹೊರಟ ಹಿರಿಯರೊಬ್ಬರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಅಲ್ಲಪ್ಪಾ, ತೆಲುಗು ನಾಡಿನಲ್ಲಿ ಕನ್ನಡ ಸಂಘ ಕಟ್ಟಿಕೊಂಡು ಜರ್ಮನ್ ಹಾಡು ಕೇಳಿಸುತ್ತೀರಲ್ಲ, ಇದು ಯಾವ ನ್ಯಾಯ?" ಎಂದರು. ಪ್ರಶ್ನೆ ತಪ್ಪಲ್ಲ. ಆ ದಿನ ನಮಗೆ ಉತ್ತರ ತೋಚದೆ ಸುಮ್ಮನೆ ನಕ್ಕೆವು. ಅವರು ಈ ಸಂಜೆ ಮುಂದಿನ ಸಾಲಿನಲ್ಲೇ ಬಂದು ಕುಳಿತಿದ್ದಾರೆ. ಆದ್ದರಿಂದ ಈಗ ನಗುವಿನಲ್ಲಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಸಂಗೀತಶಾಸ್ತ್ರ ನಮಗೆ ಬಾರದೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ. ಕೇಳಿ ಕೇಳಿ ತಿಳಿದದ್ದು, ಪುಸ್ತಕ ನೋಡಿ ತಿಳಿದದ್ದು, ಇಷ್ಟೇ ನಮ್ಮ ಬಂಡವಾಳ.

ಆ ಹಾಡುಗಳು ಜರ್ಮನ್ ಹೌದು. ಆದರೆ ಅವು ಮೊದಲ ಸಲ ಸಭೆಯಲ್ಲಿ ಕೇಳಿಬಂದದ್ದು ಮೈಸೂರಿನವರ ಹಣದಿಂದ. ಜಯಚಾಮರಾಜ ಒಡೆಯರವರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರೆಂದು ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಅದೇ ಒಡೆಯರು ಪಿಯಾನೋ ಕಲಿತು ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಪರೀಕ್ಷೆಯಲ್ಲಿ ತೇರ್ಗಡೆಯಾದವರು. ಲಂಡನ್ನಿನಲ್ಲಿ ಬಡತನದಲ್ಲಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ವಾಗ್ಗೇಯಕಾರರ ಕೃತಿಗಳನ್ನು ತಟ್ಟೆಗಳಲ್ಲಿ ಮುದ್ರಿಸಲು ನೆರವಾದವರು. 1945 ರಲ್ಲಿ ಹುಟ್ಟಿದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಮೊದಲ ಅಧ್ಯಕ್ಷರಾದವರೂ ಅವರೇ. ಅವರ ಸಂಗ್ರಹದಲ್ಲಿ ಆಗ ಸುಮಾರು 20,000 ಗ್ರಾಮಫೋನು ತಟ್ಟೆಗಳಿದ್ದುವೆಂದು ಅಂದಾಜು.

ಜರ್ಮನಿಯ ರಿಚರ್ಡ್ ಸ್ಟ್ರೌಸ್ ತಮ್ಮ 84 ನೆಯ ವಯಸ್ಸಿನಲ್ಲಿ, 1948 ರಲ್ಲಿ, ಹೆಣ್ಣುದನಿಗೂ ದೊಡ್ಡ ವಾದ್ಯವೃಂದಕ್ಕೂ ನಾಲ್ಕು ಹಾಡುಗಳನ್ನು ಬರೆದರು. ಯುದ್ಧದಲ್ಲಿ ಅವರ ದೇಶ ಹಾಳಾಗಿತ್ತು. ಸ್ವಿಟ್ಸರ್ಲೆಂಡಿನ ಹೋಟೆಲುಗಳಲ್ಲಿ ಕಾಲ ಕಳೆಯುತ್ತಿದ್ದರು. ಹಾಡುಗಳನ್ನು ಕೇಳುವ ಭಾಗ್ಯ ಅವರಿಗಿರಲಿಲ್ಲ. 1949 ರ ಸೆಪ್ಟೆಂಬರ್ 8 ರಂದು ತೀರಿಕೊಂಡರು. ಮರುವರ್ಷ, 1950 ರ ಮೇ 22 ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಎಂಬ ನಾರ್ವೆಯ ಗಾಯಕಿ ಅವನ್ನು ಹಾಡಿದರು. ಫಿಲ್‌ಹಾರ್ಮೋನಿಯಾದವರು ನುಡಿಸಿದರು, ಫುರ್ಟ್‌ವೆಂಗ್ಲರ್ ನಡೆಸಿದರು. ಆ ಕಛೇರಿಗೆ 4,800 ಡಾಲರಿನ ಹೊಣೆ ಹೊತ್ತವರು ನಮ್ಮ ಒಡೆಯರು. ಅವರಿಗೆ ಹೋಗಲಾಗಲಿಲ್ಲ. ಹಾಡುಗಳನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಿದರು. ದುಡ್ಡು ಕೊಟ್ಟ ರಸಿಕರು ಸಹ ನಮ್ಮ ಹಾಗೆಯೇ, ದೂರದಲ್ಲಿ ಕುಳಿತು, ಯಂತ್ರದ ಬಾಯಿಂದ ಕೇಳಿದವರು! ತಟ್ಟೆಯ ಸಂಗೀತ ಎಂಜಲು ಸಂಗೀತವೆಂದು ಹೀಯಾಳಿಸುವವರಿಗೆ ಇದನ್ನು ತಿಳಿಸಬೇಕು.

ಅಂದಿನ ಮುದ್ರಣ ಇಂದಿಗೂ ಸಿಗುತ್ತದೆ. ನಾವು ಕೇಳಿಸಿದ್ದು ಅದನ್ನೇ. "ಒಗ್ಗರಣೆ ಸೌಟಿನಲ್ಲಿ ಸಾಸಿವೆ ಸಿಡಿದ ಹಾಗೆ ಕೇಳುತ್ತದೆ" ಎಂದು ಒಬ್ಬ ತಾಯಿ ಹೇಳಿದರು. ಸುಳ್ಳಲ್ಲ. ಇದಕ್ಕಿಂತ ನೂರು ಪಾಲು ಸ್ವಚ್ಛವಾದ ಮುದ್ರಣಗಳು ಬೇರೆ ಗಾಯಕಿಯರವು ಬೇಕಾದಷ್ಟಿವೆ. ಆದರೆ ಮೈಸೂರಿಗೆ ಬಂದದ್ದು ಈ ಸಾಸಿವೆಯದು. ನಾಲ್ಕೈದು ನಿಮಿಷ ಕಳೆದರೆ ಕಿವಿ ಸಾಸಿವೆಯನ್ನು ಬದಿಗಿಟ್ಟು ಒಳಗಿನದನ್ನು ಹಿಡಿಯುತ್ತದೆ. ಗಿರಣಿಯಲ್ಲಿ ಲೆಕ್ಕ ಬರೆಯುವ ನಮ್ಮಂಥವರಿಗೆ ಇದು ಹೊಸ ವಿದ್ಯೆಯಲ್ಲ. ಗೋಡೆಯಾಚೆ ಯಂತ್ರಗಳೆಲ್ಲ ಒಟ್ಟಿಗೆ ಅರಚುತ್ತಿರುವಾಗ ಒಂದು ನಿಂತರೆ, ತಲೆ ಎತ್ತದೆಯೇ ನಮಗೆ ತಿಳಿಯುತ್ತದೆ. ವಾದ್ಯವೃಂದವನ್ನು ಕೇಳುವ ದಾರಿಯೂ ಅದೇ. ನಮ್ಮ ಕಛೇರಿಯಲ್ಲಿ ಒಂದೇ ಎಳೆ ಮುಂದೆ ಸಾಗುತ್ತದೆ, ಮಿಕ್ಕವರು ಅದನ್ನು ಹಿಂಬಾಲಿಸುತ್ತಾರೆ. ಅಲ್ಲಿ ಹತ್ತು ಎಳೆ ಏಕಕಾಲಕ್ಕೆ ಹೊರಡುತ್ತವೆ. ಎಲ್ಲವನ್ನೂ ಹಿಡಿಯಹೋದರೆ ಗದ್ದಲವೇ ಸರಿ. ಒಂದು ಸಲಕ್ಕೆ ಒಂದು ವಾದ್ಯವನ್ನು ಹಿಡಿದುಕೊಂಡು ಹೋದರೆ ಹಾಡು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹಾಗೆ ಹಿಡಿಯಬೇಕಾದ ಎಡೆಗಳನ್ನು ಹೇಳುತ್ತೇವೆ. "ಸೆಪ್ಟೆಂಬರ್" ಎಂಬ ಹಾಡಿನಲ್ಲಿ ಮಳೆ ಬೀಳುವ ತೋಟ, ಒಂದೊಂದಾಗಿ ಉದುರುವ ಎಲೆ, ಕಣ್ಣು ಮುಚ್ಚಲು ಹೊರಟ ಬೇಸಿಗೆ. ಗಾಯಕಿ ಮುಗಿಸಿದ ಮೇಲೆ ಹಿತ್ತಾಳೆಯ ಸುರುಳಿ ಕೊಂಬು ಒಂದು ಮಾತ್ರ ಮುಂದುವರಿಯುತ್ತದೆ. ಸ್ಟ್ರೌಸರ ತಂದೆ ಮ್ಯೂನಿಕ್ ಆಸ್ಥಾನದ ವಾದ್ಯವೃಂದದಲ್ಲಿ ಅದೇ ಕೊಂಬಿನ ವಿದ್ವಾಂಸರು. ಮುದುಕನಾದ ಮಗ ತನ್ನ ತೋಟದ ಕೊನೆಯ ಮಾತನ್ನು ಅಪ್ಪನ ವಾದ್ಯಕ್ಕೆ ಒಪ್ಪಿಸಿದನೆಂದು ನಮಗೆ ತೋರುತ್ತದೆ. "ಮಲಗುವ ಹೊತ್ತು" ಎಂಬರ್ಥದ ಹಾಡಿನ ನಡುವೆ ಗಾಯಕಿ ಸುಮ್ಮನಾದಾಗ ಒಂಟಿ ಪಿಟೀಲು ಮೇಲಕ್ಕೇಳುತ್ತದೆ. ಪಿಟೀಲು ನಮ್ಮ ಕಿವಿಗೆ ಪರಕೀಯವಲ್ಲ. ಇಲ್ಲೇ ಪಕ್ಕದ ವಿಜಯನಗರದ ಸಂಗೀತ ಕಾಲೇಜಿನಲ್ಲಿ ದ್ವಾರಂ ವೆಂಕಟಸ್ವಾಮಿ ನಾಯುಡುಗಾರು ಅದನ್ನು ಕಲಿಸಿ, 1936 ರಲ್ಲಿ ಪ್ರಾಂಶುಪಾಲರೂ ಆದರು. ಅದು ಸೀಮೆಯ ವಾದ್ಯವೆಂದು ಈಗ ಯಾರಾದರೂ ಮುಖ ತಿರುಗಿಸುತ್ತಾರೆಯೇ?

ಮೂರು ಹಾಡುಗಳ ಕವಿ ಹರ್ಮನ್ ಹೆಸ್ಸೆ. ಅವರ ತಾಯಿ 1842 ರಲ್ಲಿ ಹುಟ್ಟಿದ್ದು ತಲಚೇರಿಯಲ್ಲಿ. ತಾತ ಗುಂಡರ್ಟ್ ಬಾಸೆಲ್ ಮಿಷನ್ನಿನವರು, ಮಲೆಯಾಳದ ನಿಘಂಟು ಮಾಡಿದವರು. ಮಂಗಳೂರಿನಲ್ಲಿ 1843 ರಲ್ಲಿ "ಮಂಗಳೂರ ಸಮಾಚಾರ" ಹೊರಡಿಸಿದ ಮೋಗ್ಲಿಂಗರ ಗೆಳೆಯರು. ನಮ್ಮ ವಾಚನಾಲಯದಂಥ ಜಾಗದಲ್ಲಿ ಕನ್ನಡದ ಮೊದಲ ಪತ್ರಿಕೆಯ ಹೆಸರು ಬಂದಾಗ ಸ್ವಲ್ಪ ನಿಲ್ಲುವುದು ಮರ್ಯಾದೆ, ಆದ್ದರಿಂದ ನಿಂತೆವು.

ಈಗ ಪ್ರಕೃತಿಯ ವಿಷಯಕ್ಕೆ ಬರೋಣ. ನಮ್ಮಲ್ಲಿ ಮಳೆಗೆ ಅಮೃತವರ್ಷಿಣಿ ಎನ್ನುತ್ತೇವೆ, ಬೆಳಗಿಗೆ ಭೂಪಾಳ ಎನ್ನುತ್ತೇವೆ. ಗುಡುಗನ್ನು ಗುಡುಗಿಸಲು ಹೋಗುವುದಿಲ್ಲ. ಅವರಲ್ಲಿ ಗುಡುಗಿಸುವ ಪದ್ಧತಿ ಉಂಟು. ಬೀಥೋವನ್ನರು 1808 ರಲ್ಲಿ ಹಳ್ಳಿಯ ಮೇಲೆ ಬರೆದ ಆರನೆಯ ಸಿಂಫನಿಯಲ್ಲಿ ಹಕ್ಕಿಗಳ ಕೂಗೂ ಉಂಟು, ಬಿರುಗಾಳಿಯೂ ಉಂಟು. ಆದರೂ ಇದು ಚಿತ್ರವಲ್ಲ, ಭಾವ ಎಂದು ಅವರೇ ಎಚ್ಚರಿಸಿದ್ದರು. ಇದೇ ಸ್ಟ್ರೌಸರು 1915 ರಲ್ಲಿ "ಆಲ್ಪ್ಸ್ ಸಿಂಫನಿ"ಯನ್ನು ಬರ್ಲಿನ್ನಿನಲ್ಲಿ ನುಡಿಸಿದಾಗ ನೂರಕ್ಕೂ ಮಿಕ್ಕಿದ ವಾದಕರು, ದನದ ಕೊರಳ ಗಂಟೆಗಳು, ಗಾಳಿ ಬೀಸುವ ಯಂತ್ರ, ಗುಡುಗುವ ಯಂತ್ರ! ಅದನ್ನೂ ನಾವು ಕೇಳಿದೆವು. ಬಿರುಗಾಳಿಯ ಭಾಗ ಬಂದಾಗ ಒಬ್ಬ ಹುಡುಗ, "ಹುದ್‌ಹುದ್ ಮುಂದೆ ಇದೇನು ಸಾರ್?" ಎಂದ. 2014 ರ ಅಕ್ಟೋಬರ್ 12, ಅದೂ ಒಂದು ಭಾನುವಾರ. ಆ ದಿನ ಮಧುರವಾಡದಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತವರಿಗೆ ಯಾವ ಯಂತ್ರದ ಗಾಳಿಯೂ ಗಾಳಿಯೆನಿಸದು. ಹುಡುಗನ ಮಾತಿನಲ್ಲಿ ನಮಗೆ ಒಂದು ದಾರಿ ಸಿಕ್ಕಿತು. ನಮ್ಮನ್ನು ಬೆಚ್ಚಿಬೀಳಿಸುವ ಕೆಲಸದಲ್ಲಿ ಸಂಗೀತ ಪ್ರಕೃತಿಯ ಮುಂದೆ ಸೋಲುತ್ತದೆ. ಗಾಳಿ ನಿಂತ ಮೇಲೆ, ಬಿದ್ದ ಮರಗಳ ನಡುವೆ ಸಂಜೆ ಹೊತ್ತು ಎಲ್ಲಿಂದಲೋ ಒಂದು ಹಕ್ಕಿ ಕೂಗಿತಲ್ಲ, ಅಲ್ಲಿ ಮಾತ್ರ ಅದಕ್ಕೆ ಕೆಲಸವಿದೆ.

ಮೂವತ್ತಮೂರು ವರ್ಷದ ಮೇಲೆ ಸ್ಟ್ರೌಸರು ಗಾಳಿಯಂತ್ರವನ್ನು ಬಿಟ್ಟರು. "ಸಂಜೆಗೆಂಪಿನಲ್ಲಿ" ಎಂಬ ಹಾಡಿನಲ್ಲಿ ಉಳಿದದ್ದು ಎರಡು ಹಕ್ಕಿ. ಲಾರ್ಕ್ ಎಂಬ ಈ ಹಕ್ಕಿ ನೆಲದಲ್ಲಿ ಗೂಡು ಕಟ್ಟಿ, ಹಾಡುತ್ತ ಬಾನಿಗೆ ಏರುವಂಥದು. ಕೊಳಲಿನ ಬಳಗದ ವಾದ್ಯಗಳು ಅವುಗಳಾಗಿ ನಡುಗುತ್ತವೆ. ಕವಿತೆ ಐಷೆನ್‌ಡಾರ್ಫ್ ಎಂಬ ಹಳೆಯ ಕವಿಯದು. ಬಹುಕಾಲ ಜೊತೆಯಾಗಿ ನಡೆದ ಇಬ್ಬರು ಸಂಜೆಗೆ ದಣಿದು ನಿಂತಿದ್ದಾರೆ. ಹಾಡಿನ ಕಟ್ಟಕಡೆಯ ಪದ ಮರಣ. ಆ ಪದ ಮುಗಿಯುತ್ತಲೇ ಸ್ಟ್ರೌಸರು ತಾವು ಯುವಕರಾಗಿದ್ದಾಗ, 1889 ರಲ್ಲಿ, ಸಾವನ್ನೇ ಕುರಿತು ಬರೆದ ಕೃತಿಯ ಒಂದು ಸ್ವರಪಂಕ್ತಿಯನ್ನು ಮೆಲ್ಲಗೆ ತರುತ್ತಾರೆ. ಇಪ್ಪತ್ತೈದರ ಹುಡುಗ ಊಹಿಸಿದ್ದನ್ನು ಎಂಬತ್ತನಾಲ್ಕರ ಮುದುಕ ತಾಳೆ ನೋಡಿದ ಹಾಗೆ. ಆಮೇಲೆ ಮಾತಿಲ್ಲ. ಎರಡು ಹಕ್ಕಿ ಮೇಲೇರುತ್ತಲೇ ಇರುತ್ತವೆ, ಬೆಳಕು ಇಳಿಯುತ್ತಲೇ ಇರುತ್ತದೆ.

ಸ್ಟ್ರೌಸರ ಪತ್ನಿ ಪೌಲೀನ್ ಗಾಯಕಿಯಾಗಿದ್ದವರು. 1894 ರಲ್ಲಿ ಮದುವೆಯಾಗಿ ಗಂಡನೊಡನೆ ಐವತ್ತೈದು ವರ್ಷ ಬಾಳಿದರು. ಅವರೂ ಈ ಹಾಡುಗಳ ಮೊದಲ ಕಛೇರಿಗೆ ಒಂಬತ್ತು ದಿನ ಮುಂಚೆ, ಮೇ 13 ರಂದು ತೀರಿಕೊಂಡರು.

ಇನ್ನೊಂದು ಸಂಗತಿ. ಅಚ್ಚಾದ ಪುಸ್ತಕದಲ್ಲಿ ಹಾಡುಗಳ ಕ್ರಮ ವಸಂತ, ಸೆಪ್ಟೆಂಬರ್, ಮಲಗುವ ಹೊತ್ತು, ಸಂಜೆಗೆಂಪು. ಈಗ ಎಲ್ಲೆಡೆ ಹೀಗೆಯೇ ಹಾಡುತ್ತಾರೆ. ಅಂದು ಲಂಡನ್ನಿನಲ್ಲಿ ಹಾಡಿದ್ದು ಬೇರೆ: ಮಲಗುವ ಹೊತ್ತು, ಸೆಪ್ಟೆಂಬರ್, ಆಮೇಲೆ ವಸಂತ, ಕೊನೆಗೆ ಸಂಜೆಗೆಂಪು. ಎರಡನ್ನೂ ಜೋಡಿಸಿ ಕೇಳಿದೆವು. ಅಚ್ಚಿನ ಕ್ರಮದಲ್ಲಿ ವರ್ಷ ಉರುಳಿದಂತಿದೆ, ಅಚ್ಚುಕಟ್ಟು. ಆದರೆ ಮೈಸೂರಿಗೆ ಬಂದ ಕ್ರಮದಲ್ಲಿ ಎಲೆ ಉದುರಿದ ಮೇಲೆ ವಸಂತ ಬರುತ್ತದೆ. ಅದು ಎದುರಿಗಿರುವ ವಸಂತವಲ್ಲ, ನೆನಪಾದ ವಸಂತ. ನಮ್ಮ ಮತ ಇದಕ್ಕೇ.

ಕಳೆದ ತಿಂಗಳು ಕೊನೆಯವರೆಗೆ ಕುಳಿತ ಏಳು ಮಂದಿಯಲ್ಲಿ ಬಂದರಿನ ಕೆಲಸದಿಂದ ನಿವೃತ್ತರಾದ ರಾಯರೊಬ್ಬರಿದ್ದರು. ಅವರ ಅಪ್ಪಣೆ ಪಡೆದೇ ಇದನ್ನು ಹೇಳುತ್ತಿದ್ದೇವೆ. ಅವರ ಮನೆಯವರು ಹೋಗಿ ಆಗ ಐದು ತಿಂಗಳು. ಸಂಘಕ್ಕೆ ಬಂದರೂ ಪತ್ರಿಕೆ ತೆರೆದುಕೊಂಡು ಒಂದೇ ಪುಟ ನೋಡುತ್ತ ಕೂರುತ್ತಿದ್ದರು. ಹಾಡಿನ ಅರ್ಥ ನಾವು ಯಾರಿಗೂ ಮೊದಲು ಹೇಳಿರಲಿಲ್ಲ. ಬರಿಯ ಕಿವಿಯಿಂದ ಏನು ದಕ್ಕುತ್ತದೆ ನೋಡೋಣವೆಂದು ಬೇಕೆಂದೇ ಹೇಳದೆ ಇಟ್ಟಿದ್ದೆವು. ಮುಗಿದ ಮೇಲೆ ಕುರ್ಚಿಗಳನ್ನು ಮಡಿಸಿಡುತ್ತಿದ್ದಾಗ ರಾಯರು ಹತ್ತಿರ ಬಂದು, "ಕೊನೆಯಲ್ಲಿ ಎರಡು ಹಕ್ಕಿ ಕೂಗಿದುವಲ್ಲ, ಅಷ್ಟನ್ನು ಇನ್ನೊಮ್ಮೆ ಹಾಕುತ್ತೀರಾ?" ಎಂದರು. ಹಕ್ಕಿಯೆಂದು ಅವರಿಗೆ ಯಾರು ಹೇಳಿದರು? ಎರಡೆಂದು ಯಾರು ಹೇಳಿದರು? ಮಡಿಸಿದ ಕುರ್ಚಿಯನ್ನು ಬಿಡಿಸಿ ಅವರನ್ನು ಕೂರಿಸಿದೆವು. ಮೂರು ಸಲ ಕೇಳಿದರು.

ಬಾಗಿಲಲ್ಲಿ ನಮ್ಮನ್ನು ಕೇಳಿದ ಹಿರಿಯರು ಇದಕ್ಕೆ ಏನೆನ್ನುತ್ತಾರೋ ಅವರಿಗೇ ಬಿಟ್ಟಿದ್ದೇವೆ. ನಾಲ್ಕು ಹಾಡೂ ಸೇರಿ ಅರ್ಧ ಗಂಟೆಯೂ ಆಗುವುದಿಲ್ಲ. ಮೊದಲು ಸಾಸಿವೆ ಸಿಡಿಯುತ್ತದೆ, ಸಹಿಸಿಕೊಳ್ಳಬೇಕು. ದಯವಿಟ್ಟು ಯಾರಾದರೂ ಫ್ಯಾನು ನಿಲ್ಲಿಸಿ, ರಸ್ತೆಯ ಕಡೆಯ ಕಿಟಕಿ ಮುಚ್ಚಿ.