ಹಿಡಿಯುವ ಕೈ

ಒಂದೇ ಕೈಯಿಂದ ಚಪ್ಪಾಳೆಯಾಗದು ಎಂಬ ಮಾತನ್ನು ನಾವು ಸಾಮಾನ್ಯವಾಗಿ ಜಗಳದ ನ್ಯಾಯ ತೀರಿಸುವಾಗ ಆಡುತ್ತೇವೆ. ಅದರ ವಾಚ್ಯಾರ್ಥವೇ ಎಷ್ಟು ಗಹನವಾದುದೆಂದು ನನಗೆ ತಿಳಿದದ್ದು ನಾಲ್ಕು ವರ್ಷಗಳ ಹಿಂದೆ, ಪಾರ್ಶ್ವವಾಯು ಬಡಿದು ಎಡಗೈ ಸೋತಾಗ. ಬಲಗೈಗೆ ಏನೂ ಆಗಿರಲಿಲ್ಲ, ಉಣ್ಣುತ್ತಿತ್ತು, ಬರೆಯುತ್ತಿತ್ತು. ಆದರೆ ಪಂಚೆ ಉಡುವುದು, ಗುಂಡಿ ಹಾಕುವುದು, ದಪ್ಪ ಗ್ರಂಥವನ್ನು ಹಿಡಿದು ಹಾಳೆ ಮಗುಚುವುದು ಅದೊಂದರಿಂದಲೇ ಸಾಗಲಿಲ್ಲ. ಇಂಥ ಕೆಲಸಗಳಲ್ಲಿ ಒಂದು ಕೈ ಹಿಡಿಯುತ್ತದೆ, ಇನ್ನೊಂದು ಮಾಡುತ್ತದೆ. ಹಿಡಿಯುವ ಕೈಯನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಎಡಗೈಯನ್ನು ಮುಖ್ಯವಾಗಿ ಮಿದುಳಿನ ಬಲಭಾಗವೂ ಬಲಗೈಯನ್ನು ಎಡಭಾಗವೂ ಆಳುತ್ತವೆ. ಎರಡರ ನಡುವೆ ಸುಮಾರು 20 ಕೋಟಿ ನರತಂತುಗಳ ಸೇತುವೆಯಿದೆ. ಎರಡೂ ಕೈಗಳು ಒಂದೇ ಕೆಲಸಕ್ಕೆ ಕೂಡಿದಾಗ ಯಾವುದು ಮೊದಲು, ಎಷ್ಟು ಬಿಗಿ ಎಂಬ ವಾರ್ತೆ ಆ ಸೇತುವೆಯ ಮೇಲೂ ಓಡಾಡುತ್ತದೆ. ಒಂದು ಬದಿಯ ಜೀವಕೋಶಗಳು ರಕ್ತವಿಲ್ಲದೆ ನಾಶವಾದರೆ ಕೈಯ ಬಲ ಕುಂದುವುದಷ್ಟೇ ಅಲ್ಲ, ಈ ಹೊಂದಾಣಿಕೆಯೂ ಕದಡಬಹುದು. ಆದಕಾರಣ, ಸೋತ ಕೈ ತಾನೊಂದೇ ಲೋಟ ಎತ್ತಲು ಕಲಿತ ಮೇಲೂ ಜೊತೆಗಾರನೊಡನೆ ದುಡಿಯಲು ತಡವರಿಸುವುದುಂಟು.

ಬಳಸದೆ ಬಿಟ್ಟ ಕೈ ಬಳಸದಿರುವುದನ್ನೇ ಕಲಿತುಬಿಡುತ್ತದೆ ಎಂಬುದನ್ನು ಅಮೆರಿಕದ ಎಡ್ವರ್ಡ್ ಟಾಬ್ ಎಂಬ ವಿಜ್ಞಾನಿ ವಿವರಿಸಿದರು. ಅವರ ಚಿಕಿತ್ಸೆಯಲ್ಲಿ ಬಲವಾದ ಕೈಗೆ ಗವಸು ತೊಡಿಸಿ, ಕೊಂಚವಾದರೂ ಚಲನೆ ಉಳಿದಿರುವ ಸೋತ ಕೈಯನ್ನು ದುಡಿಸುತ್ತಾರೆ. ಎರಡಕ್ಕೂ ಒಟ್ಟಿಗೆ ಕೆಲಸ ಕೊಡುವುದು ಮತ್ತೊಂದು ಮಾರ್ಗ.

ರಾಜಾಜಿನಗರದಲ್ಲಿ ನನಗೆ ವ್ಯಾಯಾಮ ಕಲಿಸಿದ ತರುಣಿ ಈ ಎರಡನೆಯ ಮಾರ್ಗಕ್ಕೆ ಆರಿಸಿಕೊಂಡದ್ದು ಅವರೆಕಾಯಿಯನ್ನು. ಆಗ ಡಿಸೆಂಬರ್ ತಿಂಗಳು; ಮನೆತುಂಬ ಸೊಗಡಿನ ವಾಸನೆ. ಎಡಗೈ ಕಾಯಿಯನ್ನು ಹಿಡಿಯಬೇಕು, ಬಲಗೈ ಸುಲಿಯಬೇಕು. ಅರ್ಧ ಗಂಟೆಗೆ ಒಂದು ಹಿಡಿ ಕಾಳು! ನೋಡಲಾರದೆ ನನ್ನ ಪತ್ನಿ ಮೊರಕ್ಕೆ ಕೈಚಾಚಿದಾಗ ಆ ಹುಡುಗಿ ನಗುತ್ತ ತಡೆದಳು: "ಅಮ್ಮಾ, ನೀವು ಸುಲಿದರೆ ಹುಳಿಯಾಗುತ್ತದೆ, ಅವರು ಸುಲಿದರೆ ಕೈಯಾಗುತ್ತದೆ."

ಎಲ್ಲ ಕೈಗಳೂ ಪೂರ್ತಿ ಮರಳುವುದಿಲ್ಲ. ನನ್ನ ಎಡಗೈಗೆ ಗುಂಡಿ ಇಂದಿಗೂ ಒಗ್ಗಿಲ್ಲ. ಆದರೆ ಹಿಡಿಯುವುದೂ ಒಂದು ಕೆಲಸವೇ. ವಿಜಯನಗರದಲ್ಲೋ ಕೆಂಗೇರಿಯಲ್ಲೋ ಇಂಥವರೊಬ್ಬರಿರುವ ಮನೆಯವರಲ್ಲಿ ನನ್ನ ವಿನಂತಿಯಿಷ್ಟೆ: ಚಿಕಿತ್ಸಕರನ್ನು ಕೇಳಿ, ನೋವಾಗದಂತೆ, ಆ ಕೈಗೂ ಮನೆಗೆಲಸದಲ್ಲಿ ಪಾಲು ಕೊಡಿ. ತಡವಾದರೆ ಕಾಯಿರಿ. ಅವರ ಕೆಲಸವನ್ನೆಲ್ಲ ನಾವೇ ಮಾಡಿಬಿಡುವುದು ಪ್ರೀತಿಯೆಂದು ತೋರುತ್ತದೆ; ಕಾಯುವುದು ಅದಕ್ಕಿಂತ ಕಷ್ಟದ ಪ್ರೀತಿ.